ಕಾವಲುಗಾರನ ಕೈಗೊಂದು ಹಾಜರಿ ಪುಸ್ತಕ



ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನಲ್ಲಿ ಕರೂರು ಎಂಬ ಊರಿದೆ. ಭತ್ತಕ್ಕೆ ಹೆಸರಾದ ಸೀಮೆ. ಅಲ್ಲಿನ ಯಾವುದೇ ರೈತರನ್ನು ನಿಲ್ಲಿಸಿ, 'ಈ ಹೊಲ ನಿಮ್ಮದೇ ಎನ್ನುವುದಕ್ಕೆ ಏನು ಆಧಾರ?' ಎಂದು ಕೇಳಿ ನೋಡಿ. ಪಹಣಿ ಎನ್ನುತ್ತಾರೆ. ಬೆಳೆಸಾಲಕ್ಕೆ ಪಹಣಿ ಬೇಕು, ಬೆಳೆವಿಮೆಗೆ ಬೇಕು, ಅಣ್ಣತಮ್ಮಂದಿರು ಪಾಲಾಗುವಾಗಲೂ ಬೇಕು. ಆ ಹಾಳೆಯಲ್ಲಿ ಒಂದು ಹೆಸರು ಅಳಿಸಿ ಇನ್ನೊಂದು ಹೆಸರು ಬಂದರೆ ಸಾಕು, ಒಂದು ಮನೆತನ ಊರು ಬಿಡಬೇಕಾದೀತು. ಈ ಪಹಣಿ ಈಗ ಬಟ್ಟೆಗಂಟಿನಲ್ಲಿಲ್ಲ, ಗಣಕಯಂತ್ರದೊಳಗಿದೆ. ಹಾಗಿದ್ದ ಮೇಲೆ ಎರಡು ಪ್ರಶ್ನೆಗಳು ಏಳುತ್ತವೆ. ಆ ಯಂತ್ರದೊಳಗೆ ಕೈಹಾಕುವ ಅಧಿಕಾರ ಯಾರಿಗಿದೆ? ಕೈಹಾಕಿದವರು ಅಲ್ಲಿ ಏನು ಮಾಡಿದರು?

ಎರಡೂ ಒಂದೇ ಪ್ರಶ್ನೆಯಂತೆ ಕಾಣುತ್ತವೆ. ಆದರೆ ಗಣಕ ಲೋಕದಲ್ಲಿ ಇವಕ್ಕೆ ಉತ್ತರ ಕೊಡುವ ವ್ಯವಸ್ಥೆಗಳೇ ಬೇರೆ ಬೇರೆ. ಎಷ್ಟೋ ಕಡೆ ಅವು ಒಂದಕ್ಕೊಂದು ಮಾತನಾಡುವುದೇ ಇಲ್ಲ. ಅವೆರಡನ್ನೂ ಜೋಡಿಸುವುದು ಹೇಗೆ, ಜೋಡಿಸದಿದ್ದರೆ ಏನಾಗುತ್ತದೆ ಎಂಬುದೇ ಈ ಸಲದ ವಿಷಯ. ತೆರೆಯ ಮೇಲೆ ಕೆಲವೇ ನಿಮಿಷಗಳಲ್ಲಿ ಹೇಳಬೇಕಾದದ್ದನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆದಿದ್ದೇನೆ.

ಹಿಂದೆ ಈ ತೊಡಕು ಇರಲಿಲ್ಲ. ಬಳ್ಳಾರಿ ಸೀಮೆ 1953ರವರೆಗೆ ಮದ್ರಾಸಿನ ಆಡಳಿತಕ್ಕೆ ಸೇರಿತ್ತು. ಮೈಸೂರು ಕಡೆಯವರು ಶಾನುಭೋಗರು ಎನ್ನುವವರನ್ನು ಅಲ್ಲಿ ಕರಣಂ ಎನ್ನುತ್ತಿದ್ದರು. ಲೆಕ್ಕದ ಪುಸ್ತಕ ಅವರ ಮನೆಯಲ್ಲೇ ಇರುತ್ತಿತ್ತು. ಪೆಟ್ಟಿಗೆಯ ಬೀಗದ ಕೈ ಅವರ ಬಳಿಯೇ. ಪುಸ್ತಕ ಮುಟ್ಟಿದವರು ಯಾರು, ಯಾವ ಸಾಲು ಯಾವಾಗ ತಿದ್ದಿದ್ದು, ತಿದ್ದಿಸಿದವರು ಯಾರು, ಇದೆಲ್ಲವೂ ಒಬ್ಬರೇ ವ್ಯಕ್ತಿಯ ತಲೆಯೊಳಗೆ ಇರುತ್ತಿತ್ತು. ನೋಡುವ ಕಣ್ಣೂ ಅವರದೇ, ಗುರುತು ಹಿಡಿಯುವ ನೆನಪೂ ಅವರದೇ. ಆ ವ್ಯಕ್ತಿ ನಂಬಿಗಸ್ತರಾಗಿದ್ದರೆ ಊರು ಬದುಕಿತು, ಇಲ್ಲದಿದ್ದರೆ ಊರಿಗೆ ಬೇರೆ ದಾರಿಯೇ ಇರಲಿಲ್ಲ. ವಂಶಪಾರಂಪರ್ಯವಾಗಿ ಬಂದ ಗ್ರಾಮ ಹುದ್ದೆಗಳನ್ನು ರದ್ದುಮಾಡುವ ಕಾನೂನು ನಮ್ಮ ರಾಜ್ಯದಲ್ಲಿ 1961ರಲ್ಲಿ ಆಯಿತು. ಮುಂದೆ ಗ್ರಾಮ ಲೆಕ್ಕಿಗರು ಬಂದರು. ಪುಸ್ತಕ ಮಾತ್ರ ಕೈಬರಹದ್ದೇ ಆಗಿ ಉಳಿಯಿತು.

2000ದ ಆಸುಪಾಸಿನಲ್ಲಿ ಕರ್ನಾಟಕದ ಕಂದಾಯ ಇಲಾಖೆ 'ಭೂಮಿ' ಯೋಜನೆಯನ್ನು ತಂದಿತು. ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದರು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಕೈಗೆ ಬರುತ್ತಿತ್ತು. ಎಲ್ಲರೂ ಹೊಗಳಿದ್ದು ಈ ಕಿಟಕಿಯನ್ನು. ನನಗೆ ಹೆಚ್ಚು ಮೆಚ್ಚುಗೆಯಾದದ್ದು ಕಿಟಕಿಯ ಹಿಂದಿನ ಏರ್ಪಾಡು. ದಾಖಲೆ ತಿದ್ದುವ ಸಿಬ್ಬಂದಿ ಬರಿಯ ಗುಪ್ತಪದ ಒತ್ತಿದರೆ ಸಾಲದು, ಬೆರಳಚ್ಚನ್ನೂ ಕೊಡಬೇಕಾಗಿತ್ತು. ಯಾರು ಯಾವ ಬದಲಾವಣೆ ಮಾಡಿದರು ಎಂಬುದು ಯಂತ್ರದೊಳಗೇ ದಾಖಲಾಗುತ್ತಿತ್ತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕು. ಬೇಕಾದವರದನ್ನು ಮುಂದೆ ತಳ್ಳಲು ಯಂತ್ರ ಬಿಡುತ್ತಿರಲಿಲ್ಲ. ಮಾಡಿದ ಕೆಲಸವನ್ನು ಮಾಡಿದ ವ್ಯಕ್ತಿಗೆ ಗಂಟುಹಾಕುವ ಪ್ರಯತ್ನ ಅದು. ನಮ್ಮ ವಿಷಯದ ಬೀಜ ಅಲ್ಲೇ ಇದೆ.

ಈಗ ಅದನ್ನು ಸ್ವಲ್ಪ ದೊಡ್ಡದು ಮಾಡಿ ನೋಡೋಣ. ಒಂದು ಇಲಾಖೆಯಲ್ಲೋ ಬ್ಯಾಂಕಿನಲ್ಲೋ ಒಂದಲ್ಲ, ನೂರಾರು ತಂತ್ರಾಂಶಗಳಿರುತ್ತವೆ. ಸಾವಿರಾರು ನೌಕರರು ಇರುತ್ತಾರೆ. ಅಲ್ಲಿ ಎರಡು ಬೇರೆ ಬೇರೆ ವ್ಯವಸ್ಥೆಗಳನ್ನು ಇಡುತ್ತಾರೆ.

ಮೊದಲನೆಯದು ನಿಗಾ ವ್ಯವಸ್ಥೆ. ಇದು ಹಗಲಿರುಳೂ ಎಚ್ಚರವಾಗಿರುವ ಕಾವಲುಗಾರ. ಪ್ರತಿಯೊಂದು ಗಣಕವೂ ತಾನು ಮಾಡಿದ ಕೆಲಸವನ್ನೆಲ್ಲ ಒಂದು ದಿನಚರಿಯಲ್ಲಿ ಬರೆದುಕೊಳ್ಳುತ್ತಿರುತ್ತದೆ. ಇದಕ್ಕೆ ಲಾಗ್ ಎನ್ನುತ್ತಾರೆ. ಇಷ್ಟು ಗಂಟೆಗೆ ಇಂಥ ಹೆಸರಿನವರು ಒಳಗೆ ಬಂದರು, ಇಂಥ ಕಡತ ತೆರೆದರು, ಇಷ್ಟು ನಕಲು ಮಾಡಿದರು, ಹೊರಗೆ ಹೋದರು. ನಿಗಾ ವ್ಯವಸ್ಥೆ ಎಲ್ಲ ಗಣಕಗಳ ದಿನಚರಿಯನ್ನೂ ಒಂದೆಡೆ ತರಿಸಿಕೊಂಡು ಓದುತ್ತಾ ಕೂತಿರುತ್ತದೆ. ಏನಾದರೂ ವಿಚಿತ್ರ ಕಂಡರೆ ಗಂಟೆ ಬಾರಿಸುತ್ತದೆ.

ಎರಡನೆಯದು ಗುರುತಿನ ಆಡಳಿತ. ಕಚೇರಿಗಳಲ್ಲಿ ಐಡೆಂಟಿಟಿ ಗವರ್ನೆನ್ಸ್ ಎಂಬ ಹೆಸರಿನಿಂದಲೇ ಇದು ಬಳಕೆಯಲ್ಲಿದೆ. ಇದನ್ನು ಒಬ್ಬ ಹಿರಿಯ ಗುಮಾಸ್ತರ ಹಾಗೆ ಭಾವಿಸಿಕೊಳ್ಳಿ. ಯಾರು ಕೆಲಸಕ್ಕೆ ಸೇರಿದರು, ಯಾವ ಕುರ್ಚಿಗೆ ಯಾವ ಬೀಗದ ಕೈ, ವರ್ಗವಾದಾಗ ಹಳೆಯ ಕೈ ವಾಪಸ್ ಬಂತೇ, ನಿವೃತ್ತರಾದವರ ಕೈ ಇನ್ನೂ ಹೊರಗಿದೆಯೇ, ಈ ಕೈ ಕೊಡಿ ಎಂದು ರುಜು ಹಾಕಿದ ಅಧಿಕಾರಿ ಯಾರು, ಇವೆಲ್ಲ ಅವರ ಪುಸ್ತಕದಲ್ಲಿರುತ್ತವೆ. ಮೂರು ತಿಂಗಳಿಗೋ ಆರು ತಿಂಗಳಿಗೋ ಒಮ್ಮೆ ಪಟ್ಟಿ ಹಿಡಿದು ಮೇಲಧಿಕಾರಿಗಳ ಬಳಿ ಹೋಗಿ, 'ಇವರಿಗೆ ಇದು ಇನ್ನೂ ಬೇಕೇ ಸ್ವಾಮಿ?' ಎಂದು ಕೇಳುತ್ತಾರೆ. ಬಿಲ್ಲು ಬರೆಯುವವರೇ ಅದನ್ನು ಮಂಜೂರೂ ಮಾಡುವಂತಿದ್ದರೆ ತಕರಾರು ತೆಗೆಯುತ್ತಾರೆ.

ಕಾವಲುಗಾರನಿಗೆ ನಡೆದದ್ದು ಗೊತ್ತು. ಅದನ್ನು ಮಾಡಿದವರಿಗೆ ಆ ಹಕ್ಕು ಇತ್ತೇ ಎಂಬುದು ಗೊತ್ತಿಲ್ಲ. ಗುಮಾಸ್ತರಿಗೆ ಹಕ್ಕು ಯಾರದು ಎಂಬುದು ಗೊತ್ತು. ಅದನ್ನು ನಿನ್ನೆ ರಾತ್ರಿ ಹೇಗೆ ಬಳಸಿದರು ಎಂಬುದು ಗೊತ್ತಿಲ್ಲ.

ನಾನು ದೂರದರ್ಶನದವನು, ನಮ್ಮ ಕಸುಬಿನಿಂದಲೇ ಒಂದು ಹೋಲಿಕೆ ಕೊಡುತ್ತೇನೆ. ಸ್ಟುಡಿಯೋದ ಕಂಟ್ರೋಲ್ ರೂಮಿನಲ್ಲಿ ಗೋಡೆಯ ತುಂಬ ಮಾನಿಟರುಗಳು. ಮೂರನೆಯ ಕ್ಯಾಮೆರಾದ ಚಿತ್ರ ಅಲುಗಾಡಿದರೆ ಆ ಕ್ಷಣವೇ ಕಾಣುತ್ತದೆ. ಆದರೆ ಇವತ್ತು ಮೂರನೆಯ ಕ್ಯಾಮೆರಾ ಹಿಂದೆ ನಿಂತವರು ಯಾರು ಎಂಬುದು ಆ ಗೋಡೆಯಲ್ಲಿಲ್ಲ. ಅದು ಹೊರಗಿನ ಕೋಣೆಯಲ್ಲಿ ನೇತುಹಾಕಿರುವ ಡ್ಯೂಟಿ ಚಾರ್ಟಿನಲ್ಲಿದೆ. ನಿತ್ಯದ ಕೆಲಸದಲ್ಲಿ ಇದರಿಂದ ತೊಂದರೆಯಿಲ್ಲ, ಎಲ್ಲರೂ ಎಲ್ಲರಿಗೂ ಪರಿಚಿತರೇ. ಕ್ಯಾಮೆರಾಗಳು ಮೂರಿದ್ದಲ್ಲಿ ಮೂವತ್ತು ಸಾವಿರ ಆದರೆ ಗತಿಯೇನು?

ಈ ಪ್ರಶ್ನೆಗೆ ಒಂದು ನಿಜವಾದ ಘಟನೆಯೇ ಉತ್ತರ ಹೇಳುತ್ತದೆ. ಅದರ ಒಂದು ಕೊಂಡಿ ನಮ್ಮ ಬೆಂಗಳೂರಿನಲ್ಲಿದೆ.

ಅಮೆರಿಕದಲ್ಲಿ ಟಾರ್ಗೆಟ್ ಎಂಬ ದೊಡ್ಡ ಅಂಗಡಿ ಸಮೂಹವಿದೆ. ಅದರ ಪ್ರಧಾನ ಕಚೇರಿ ಮಿನಿಯಾಪೊಲಿಸ್ ನಗರದಲ್ಲಿ. ಅದರ ಗಣಕಗಳ ಮೇಲೆ ಸದಾ ಕಣ್ಣಿಟ್ಟಿರುವ ತಜ್ಞರ ತಂಡವೊಂದು ಬೆಂಗಳೂರಿನಲ್ಲಿತ್ತು. 2013ರ ನವೆಂಬರಿನಲ್ಲಿ ಕಳ್ಳರು ಈ ಕಂಪನಿಯ ಜಾಲದೊಳಗೆ ನುಗ್ಗಿದರು. ಅವರು ಗೋಡೆ ಒಡೆಯಲಿಲ್ಲ, ಬೀಗದ ಕೈ ಹಿಡಿದೇ ಬಂದರು. ಆ ಕೈ ಯಾರದು ಗೊತ್ತೇ? ಅಂಗಡಿಗಳಿಗೆ ಶೈತ್ಯಯಂತ್ರಗಳ ಕೆಲಸ ಮಾಡಿಕೊಡುತ್ತಿದ್ದ ಒಬ್ಬ ಗುತ್ತಿಗೆದಾರ ಸಂಸ್ಥೆಯದು. ಬಿಲ್ಲು ಕಳಿಸಲು, ಗುತ್ತಿಗೆಯ ಕಾಗದಪತ್ರ ಸಲ್ಲಿಸಲು ಆ ಸಂಸ್ಥೆಗೆ ಕೊಟ್ಟಿದ್ದ ಹೆಸರು ಮತ್ತು ಗುಪ್ತಪದ ಕಳ್ಳರ ಪಾಲಾಗಿದ್ದವು. ಬಿಲ್ಲು ಕಳಿಸುವ ಬಾಗಿಲಿನಿಂದ ಒಳಗೆ ಬಂದವರು, ಗ್ರಾಹಕರು ಕಾರ್ಡು ಉಜ್ಜುವ ಯಂತ್ರಗಳವರೆಗೆ ನಡೆದುಹೋದರು.

ನವೆಂಬರ್ 30ರಂದು ನಿಗಾ ತಂತ್ರಾಂಶ ಗಂಟೆ ಬಾರಿಸಿತು. ಬೆಂಗಳೂರಿನ ತಂಡ ಅದನ್ನು ನೋಡಿತು, ಮಿನಿಯಾಪೊಲಿಸ್ಸಿಗೆ ತಿಳಿಸಿತು ಎಂದು 2014ರ ಮಾರ್ಚಿನಲ್ಲಿ 'ಬ್ಲೂಮ್‌ಬರ್ಗ್ ಬಿಸಿನೆಸ್‌ವೀಕ್' ಪತ್ರಿಕೆ ವರದಿ ಮಾಡಿತು. ಡಿಸೆಂಬರ್ 2ರಂದು ಮತ್ತೆ ಗಂಟೆ. ಅಲ್ಲಿ ಯಾರೂ ಏಳಲಿಲ್ಲ. ಡಿಸೆಂಬರ್ 12ರಂದು ಅಮೆರಿಕದ ಸರ್ಕಾರವೇ ಕಂಪನಿಗೆ ಸುದ್ದಿ ಮುಟ್ಟಿಸಬೇಕಾಯಿತು. ಅಷ್ಟರಲ್ಲಿ ಸುಮಾರು 4 ಕೋಟಿ ಕಾರ್ಡುಗಳ ವಿವರ ಕಳುವಾಗಿತ್ತು. 7 ಕೋಟಿ ಜನರ ಹೆಸರು, ವಿಳಾಸ, ದೂರವಾಣಿಯಂತಹ ಮಾಹಿತಿಯೂ ಹೋಗಿತ್ತು. 2014ರ ಮೇ ತಿಂಗಳಲ್ಲಿ ಕಂಪನಿಯ ಮುಖ್ಯಸ್ಥರು ಹುದ್ದೆ ಬಿಟ್ಟರು.

ಗಂಟೆ ಕೇಳಿಯೂ ಏಕೆ ಎದ್ದಿಲ್ಲ? ನೋಡಿದವರು ಅದನ್ನು ತೂಗಿ, ಕೂಡಲೇ ಬೆನ್ನುಹತ್ತುವಂಥದ್ದಲ್ಲ ಎಂದು ತೀರ್ಮಾನಿಸಿದರು ಎಂದು ಕಂಪನಿ ಹೇಳಿತು. ಇದನ್ನು ಬರಿಯ ಸೋಮಾರಿತನ ಎಂದು ತಳ್ಳಿಹಾಕುವುದು ಸುಲಭ. ದೊಡ್ಡ ಸಂಸ್ಥೆಯ ನಿಗಾ ಕೊಠಡಿಯಲ್ಲಿ ಗಂಟೆ ಬಾರಿಸುವುದು ದಿನಕ್ಕೊಮ್ಮೆ ಅಲ್ಲ ಎಂಬುದನ್ನು ನೆನಪಿಡಿ. ದೇವಸ್ಥಾನದ ಬೀದಿಯಲ್ಲಿ ಮನೆ ಮಾಡಿದವರಿಗೆ ಗಂಟೆಯ ಸದ್ದು ಕಿವಿಗೆ ಬೀಳುವುದೇ ನಿಂತುಹೋಗುತ್ತದೆ. ಯಾವ ಗಂಟೆಗೆ ಓಡಬೇಕು, ಯಾವುದಕ್ಕೆ ಸುಮ್ಮನಿರಬೇಕು ಎಂದು ತಿಳಿಯಲು ಇನ್ನೊಂದು ಮಾಹಿತಿ ಬೇಕು. ಈ ಓಡಾಟದ ಹಿಂದೆ ಇರುವುದು ಯಾರ ಖಾತೆ? ಆ ಖಾತೆಗೆ ಇಲ್ಲೇನು ಕೆಲಸ?

'ಶೈತ್ಯಯಂತ್ರದ ಗುತ್ತಿಗೆದಾರರು, ಬಿಲ್ಲಿನ ಕೆಲಸಕ್ಕೆ ಮಾತ್ರ' ಎಂಬ ಒಂದು ಸಾಲು ಒಂದು ಪುಸ್ತಕದಲ್ಲಿರುತ್ತದೆ. 'ಜಾಲದೊಳಗೆ ಅಪರಿಚಿತ ತಂತ್ರಾಂಶ' ಎಂಬ ಇನ್ನೊಂದು ಸಾಲು ಇನ್ನೊಂದು ಪರದೆಯ ಮೇಲೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದವರಿಗೆ ಮೈ ಜುಮ್ಮೆನ್ನಬೇಕು. ಪಕ್ಕಪಕ್ಕ ಇಟ್ಟಿದ್ದರೆ ಕಳ್ಳತನ ಖಂಡಿತ ನಿಲ್ಲುತ್ತಿತ್ತು ಎಂದು ಹೇಳುವ ಧೈರ್ಯ ನನಗಿಲ್ಲ. ಬಿಲ್ಲಿನ ಬಾಗಿಲಿಗೂ ಕಾರ್ಡು ಯಂತ್ರಗಳಿಗೂ ನಡುವೆ ಸರಿಯಾದ ಗೋಡೆ ಇರಲಿಲ್ಲ ಎಂದು ಅಮೆರಿಕದ ಸೆನೆಟ್ ಸಮಿತಿಯ ವರದಿಯೂ ಹೇಳಿತು. ಆದರೆ ಬೆಂಗಳೂರಿನಿಂದ ಹೋದ ಸುದ್ದಿಗೆ ತೂಕ ಬರುತ್ತಿತ್ತು, ಅಷ್ಟಂತೂ ನಿಜ.

ಈ ಕತೆಗೆ ಇನ್ನೊಂದು ತಿರುವಿದೆ. ಕದ್ದ ಮಾಹಿತಿಯನ್ನು ಒಳಗಿಂದೊಳಗೆ ಸಾಗಿಸಲು ಕಳ್ಳರು ಬಳಸಿದ ಒಂದು ಖಾತೆಯ ಹೆಸರನ್ನು ಪತ್ರಕರ್ತ ಬ್ರಯನ್ ಕ್ರೆಬ್ಸ್ 2014ರ ಜನವರಿಯಲ್ಲಿ ಬಯಲಿಗೆ ತಂದರು. ಸರ್ವರುಗಳ ಆರೋಗ್ಯ ನೋಡಿಕೊಳ್ಳುವ ಒಂದು ಹೆಸರಾಂತ ನಿಗಾ ತಂತ್ರಾಂಶ ಬಳಸುತ್ತಿದ್ದ ಖಾತೆಯ ಹೆಸರೂ ಅದೇ! ಕಳ್ಳರು ಪೊಲೀಸರ ಸಮವಸ್ತ್ರ ತೊಟ್ಟಂತೆ. ಕಾವಲುಗಾರನ ಹೆಸರಿನಲ್ಲಿ ಓಡಾಡುವವರನ್ನು ತಡೆದು ಕೇಳುವವರು ಯಾರು?

ಇಲ್ಲಿಗೆ ಜೋಡಣೆಯ ಅಗತ್ಯ ನಿಮಗೆ ಮನದಟ್ಟಾಗಿರಬೇಕು. ಇನ್ನು, ಜೋಡಿಸುವುದು ಹೇಗೆ?

ಮೊದಲ ಕೆಲಸ ಮೇಲ್ನೋಟಕ್ಕೆ ತೀರ ಸಾಮಾನ್ಯವಾದದ್ದು, ಆದರೆ ಎಲ್ಲಕ್ಕಿಂತ ಕಷ್ಟದ್ದು. ಎರಡು ಪುಸ್ತಕಗಳಲ್ಲಿರುವ ಹೆಸರುಗಳನ್ನು ತಾಳೆ ಹಾಕಬೇಕು. ನಿಗಾ ವ್ಯವಸ್ಥೆಯಲ್ಲಿ 'ಎಸ್‌ಜಿಪಿ07' ಎಂಬ ಖಾತೆ ಇರುತ್ತದೆ. ಸಿಬ್ಬಂದಿ ಪಟ್ಟಿಯಲ್ಲಿ 'ಬಸವರಾಜ ಎಚ್.' ಎಂದಿರುತ್ತದೆ. ಇನ್ನೊಂದು ತಂತ್ರಾಂಶದಲ್ಲಿ ಅವರೇ 'ಎಚ್. ಬಸವರಾಜಪ್ಪ' ಆಗಿರುತ್ತಾರೆ. ಬಳ್ಳಾರಿ ಜಿಲ್ಲೆಯಲ್ಲಿ ಬಸವರಾಜರು ಒಬ್ಬರೇ? ಹೆಸರನ್ನು ನಂಬಿ ತಾಳೆ ಹಾಕಿದರೆ ಒಬ್ಬರ ತಪ್ಪು ಇನ್ನೊಬ್ಬರ ತಲೆಗೆ ಬರುತ್ತದೆ. ಆದ್ದರಿಂದ ಬದಲಾಗದ, ಒಬ್ಬರಿಗೆ ಒಂದೇ ಇರುವ ಸಂಖ್ಯೆ ಬೇಕು. ನಮ್ಮ ರಾಜ್ಯ ಸರ್ಕಾರದ ನೌಕರರಿಗೆ ಕೆಜಿಐಡಿ ಸಂಖ್ಯೆ ಎಂಬುದಿದೆ. ವಿಮಾ ಇಲಾಖೆಯಿಂದ ಬಂದ ಸಂಖ್ಯೆಯೇ ಈಗ ನೌಕರರ ವೇತನ, ಸೇವಾ ವಿವರಗಳನ್ನು ನೋಡಿಕೊಳ್ಳುವ ತಂತ್ರಾಂಶದಲ್ಲಿ ಗುರುತಿನ ಸಂಖ್ಯೆಯಾಗಿಯೂ ಬಳಕೆಯಾಗುತ್ತಿದೆ. ಜೋಡಣೆಗೆ ಬೇಕಾದದ್ದು ಇಂಥದ್ದೇ ಒಂದು ದಾರ.

ತಾಳೆ ಹಾಕಿದ ಮೇಲೆ ಕೆಲವು ಖಾತೆಗಳು ಯಾರಿಗೂ ಸೇರದೆ ಉಳಿಯುತ್ತವೆ. ಇವಕ್ಕೆ ಅನಾಥ ಖಾತೆಗಳು ಎನ್ನುತ್ತಾರೆ. ವರ್ಷಗಳ ಹಿಂದೆ ಬಿಟ್ಟುಹೋದವರದು, ಪರೀಕ್ಷೆಗೆಂದು ತೆರೆದು ಮರೆತದ್ದು, ಕಂಪನಿಯವರು ದುರಸ್ತಿಗೆ ಬಂದಾಗ ಮಾಡಿಟ್ಟದ್ದು. ಜೋಡಣೆಯ ಮೊದಲ ಫಲವೇ ಈ ಪಟ್ಟಿ. ಇದು ಎಷ್ಟು ಅಪಾಯಕಾರಿ ಎಂಬುದಕ್ಕೆ 2021ರ ಮೇ ತಿಂಗಳನ್ನು ನೆನೆಯಿರಿ. ಅಮೆರಿಕದ ಪೂರ್ವ ಕರಾವಳಿಗೆ ಪೆಟ್ರೋಲು ಸಾಗಿಸುವ ಕಲೋನಿಯಲ್ ಕೊಳವೆ ಮಾರ್ಗ ಐದಾರು ದಿನ ನಿಂತುಹೋಯಿತು. ಬಂಕುಗಳ ಮುಂದೆ ವಾಹನಗಳ ಸಾಲು. ಕಳ್ಳರು ನುಗ್ಗಿದ್ದು ಯಾರೂ ಬಳಸದ, ಆದರೆ ಯಾರೂ ಮುಚ್ಚದ ಒಂದು ಹಳೆಯ ಖಾತೆಯಿಂದ. ಅದಕ್ಕಿದ್ದದ್ದು ಗುಪ್ತಪದದ ಒಂದೇ ಬೀಗ.

ಎರಡನೆಯದು ಕೊಳವೆ ಹಾಕುವ ಕೆಲಸ. ಅನೇಕ ತಂತ್ರಾಂಶಗಳಿಗೆ ಹೊರಗಿನ ತಂತ್ರಾಂಶಗಳು ಬಂದು ಮಾತನಾಡಲು ಒಂದು ಕಿಟಕಿ ಇರುತ್ತದೆ. ಇದನ್ನು ಎಪಿಐ ಎನ್ನುತ್ತಾರೆ. ಒಂದೊಂದು ಕಂಪನಿಯ ಕಿಟಕಿಯಲ್ಲಿ ಒಂದೊಂದು ಭಾಷೆ ಆಡಿದರೆ ಕಷ್ಟವೆಂದು 2015ರಲ್ಲಿ ಸ್ಕಿಮ್ ಎಂಬ ಸಾಮಾನ್ಯ ಭಾಷೆಯೊಂದರ ಈಗಿನ ರೂಪವನ್ನು ಪ್ರಕಟಿಸಿದರು. 'ಹೊಸ ವ್ಯಕ್ತಿ ಸೇರಿಸು', 'ಈ ಗುಂಪಿನಿಂದ ತೆಗೆ', 'ಈ ಖಾತೆ ನಿಲ್ಲಿಸು' ಎಂಬಂಥ ಆಜ್ಞೆಗಳನ್ನು ಎಲ್ಲ ತಂತ್ರಾಂಶಗಳಿಗೂ ಒಂದೇ ರೀತಿಯಲ್ಲಿ ಹೇಳಲು ಅದರಲ್ಲಿ ಅವಕಾಶವಿದೆ. ಎಲ್ಲರೂ ಅದನ್ನು ಪಾಲಿಸುವುದಿಲ್ಲ. ಆಗ ನಡುವೆ ಒಬ್ಬ ದುಭಾಷಿ ಬೇಕಾಗುತ್ತದೆ. ಆ ದುಭಾಷಿ ತಂತ್ರಾಂಶದ ತುಂಡಿಗೆ ಕನೆಕ್ಟರ್ ಎಂದು ಹೆಸರು.

ನೀರು ಈ ಕೊಳವೆಯಲ್ಲಿ ಎರಡೂ ಕಡೆಗೆ ಹರಿಯುತ್ತದೆ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಸಿರುಗುಪ್ಪದ ಕಚೇರಿಯಲ್ಲಿದ್ದ ಒಬ್ಬ ಸಿಬ್ಬಂದಿಗೆ ಸೋಮವಾರ ಕುರುಗೋಡಿಗೆ ವರ್ಗವಾಯಿತು. ಬೀಳ್ಕೊಡುಗೆಯ ಹಾರ, ಚಹಾ, ಮಂಡಕ್ಕಿ ಎಲ್ಲ ಆಯಿತು. ಹಳೆಯ ಕಚೇರಿಯ ಖಾತೆಯನ್ನು ಮುಚ್ಚುವುದು ಮಾತ್ರ ಉಳಿಯಿತು. ಬುಧವಾರ ರಾತ್ರಿ 11.40ಕ್ಕೆ ಅದೇ ಖಾತೆಯಿಂದ ಯಾರೋ ಒಳಗೆ ಬಂದು, ಕರೂರಿನ ಹದಿನಾಲ್ಕು ಸರ್ವೆ ನಂಬರುಗಳನ್ನು ತೆರೆದರು. ನಿಗಾ ವ್ಯವಸ್ಥೆ ಒಂಟಿಯಾಗಿದ್ದರೆ ಅದರ ಕಣ್ಣಿಗೆ ಇದರಲ್ಲಿ ವಿಶೇಷವೇನೂ ಇಲ್ಲ. ಗುಪ್ತಪದ ಸರಿಯಿದೆ, ಖಾತೆ ಜೀವಂತವಿದೆ, ಈ ಖಾತೆ ಕರೂರಿನ ಕಡತ ತೆರೆಯುವುದು ಹೊಸತಲ್ಲ. ಗುರುತಿನ ಆಡಳಿತ ಒಂಟಿಯಾಗಿದ್ದರೆ ಅದಕ್ಕೆ ವರ್ಗಾವಣೆ ಗೊತ್ತು, ರಾತ್ರಿಯ ಸುದ್ದಿ ಗೊತ್ತಿಲ್ಲ. ಮುಂದಿನ ಪರಿಶೀಲನೆ ಮೂರು ತಿಂಗಳ ನಂತರ.

ಈಗ ಜೋಡಿಸಿ ನೋಡಿ. 11.40ಕ್ಕೆ ಬಂದ ಸಾಲನ್ನು ನಿಗಾ ವ್ಯವಸ್ಥೆ ಗುಮಾಸ್ತರ ಪುಸ್ತಕದೊಂದಿಗೆ ತಾಳೆ ನೋಡುತ್ತದೆ. 'ಈ ಖಾತೆಯ ಒಡೆಯರ ಈ ಅಧಿಕಾರ ಸೋಮವಾರಕ್ಕೇ ಮುಗಿದಿದೆ. ಮಂಜೂರು ಮಾಡಿದ್ದವರು ಇಂಥವರು. ಈಗಿನ ಮೇಲಧಿಕಾರಿ ಇಂಥವರು.' ಈ ಮೂರು ಮಾತು ಗಂಟೆಯ ಜೊತೆಗೇ ಬರುತ್ತವೆ. ರಾತ್ರಿ ಪಾಳಿಯಲ್ಲಿ ಕೂತವರು ಯಾರನ್ನು ಎಬ್ಬಿಸಬೇಕೆಂದು ಹುಡುಕಬೇಕಾಗಿಲ್ಲ. ನಿಗಾ ವ್ಯವಸ್ಥೆ ಅದೇ ಕೊಳವೆಯಲ್ಲಿ ಇತ್ತ ಕಡೆಯಿಂದ, 'ಈ ಖಾತೆಯನ್ನು ತಡೆಹಿಡಿ' ಎಂದು ಹೇಳಿ ಕಳಿಸಬಹುದು. ಬೆಳಗಾಗುವುದನ್ನು ಕಾಯಬೇಕಿಲ್ಲ.

ಒಂದು ಸಣ್ಣ ವಿಷಯ, ಆದರೆ ವಿಜ್ಞಾನದ ವಿದ್ಯಾರ್ಥಿಗಳಿಗೆ ರುಚಿಸುವಂಥದ್ದು. ಗಡಿಯಾರ. ಬೆಂಗಳೂರಿನಲ್ಲಿ ಬೆಳಿಗ್ಗೆ 10 ಗಂಟೆ ಎಂದರೆ ಚಳಿಗಾಲದ ಮಿನಿಯಾಪೊಲಿಸ್ಸಿನಲ್ಲಿ ಹಿಂದಿನ ರಾತ್ರಿ 10.30. ಒಂದು ಪುಸ್ತಕದಲ್ಲಿ ಒಂದು ವೇಳೆ, ಇನ್ನೊಂದರಲ್ಲಿ ಇನ್ನೊಂದು ವೇಳೆ ಬರೆದಿದ್ದರೆ ತಾಳೆ ಹೇಗೆ ಆಗುತ್ತದೆ? ಒಂದೇ ಊರಿನ ಎರಡು ಗಣಕಗಳ ಗಡಿಯಾರ ಐದು ನಿಮಿಷ ಹಿಂದೆಮುಂದೆ ಆದರೂ, ಖಾತೆ ಮುಚ್ಚಿದ ಮೇಲೆ ಕೆಲಸ ನಡೆಯಿತೋ ಮುಂಚೆಯೇ ನಡೆಯಿತೋ ಎಂದು ಹೇಳಲಾಗದು. ನಮ್ಮ ದೇಶದ ಗಣಕ ತುರ್ತು ಸ್ಪಂದನೆಯ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳಲ್ಲಿ ಗಡಿಯಾರದ ಮಾತೂ ಇದೆ. ರಾಷ್ಟ್ರೀಯ ಭೌತಿಕ ಪ್ರಯೋಗಾಲಯ ಅಥವಾ ರಾಷ್ಟ್ರೀಯ ಮಾಹಿತಿ ಕೇಂದ್ರದ ಸಮಯಕ್ಕೆ ಗಣಕಗಳು ಹೊಂದಿಕೊಂಡಿರಬೇಕು, ದಿನಚರಿಗಳನ್ನು 180 ದಿನ ಉಳಿಸಿರಬೇಕು, ದಾಳಿಯಾದದ್ದು ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕು. ಆರು ಗಂಟೆಯಲ್ಲಿ 'ಯಾರು' ಎಂಬುದಕ್ಕೆ ಉತ್ತರ ಸಿಗಬೇಕಾದರೆ ಪುಸ್ತಕಗಳು ಮೊದಲೇ ಜೋಡಿಸಿರಬೇಕಲ್ಲವೆ?

ಇನ್ನು ಕಾವಲುಗಾರನ ವಿಚಾರ. ನಿಗಾ ವ್ಯವಸ್ಥೆಯೂ ಒಂದು ತಂತ್ರಾಂಶವೇ, ಅದನ್ನು ತೆರೆಯುವವರೂ ಮನುಷ್ಯರೇ. ಆ ಪರದೆಯ ಮುಂದೆ ಕೂತವರಿಗೆ ಸಂಸ್ಥೆಯ ಪ್ರತಿಯೊಂದು ಗಣಕದ ಒಳಗೂ ಕಾಣುತ್ತದೆ. ಯಾವ ಗಂಟೆ ಬಾರಿಸಬೇಕು, ಯಾವುದನ್ನು ಬಾರಿಸಬಾರದು ಎಂದು ನಿಯಮ ಬರೆಯುವವರೂ ಅವರೇ. ಒಂದು ನಿಯಮವನ್ನು ಮೆಲ್ಲಗೆ ಆರಿಸಿಬಿಟ್ಟರೆ? ಆದ್ದರಿಂದ ಗುರುತಿನ ಆಡಳಿತದ ಪುಸ್ತಕಕ್ಕೆ ಮೊದಲು ಏರಬೇಕಾದ ಹೆಸರುಗಳು ನಿಗಾ ಕೊಠಡಿಯವರದ್ದೇ. ಅಲ್ಲಿ ನೋಡಲು ಮಾತ್ರ ಅಧಿಕಾರ ಉಳ್ಳವರು ಯಾರು, ನಿಯಮ ತಿದ್ದುವವರು ಯಾರು, ದಿನಚರಿ ಅಳಿಸಬಲ್ಲವರು ಯಾರಾದರೂ ಇದ್ದಾರೆಯೇ ಎಂದು ಆಗಾಗ ಕೇಳಬೇಕು. ನನ್ನ ಪ್ರಕಾರ ಇಡೀ ಜೋಡಣೆಯಲ್ಲಿ ಜನ ಬೇಗ ಮರೆಯುವ ಭಾಗ ಇದು. ಎಲ್ಲ ಬಾಗಿಲಿಗೂ ಬೀಗ ಹಾಕಿ, ಬೀಗದ ಕೈಗಳ ಗೊಂಚಲು ನೇತುಹಾಕಿದ ಕೋಣೆಯನ್ನು ತೆರೆದಿಟ್ಟಂತೆ.

ಕೊಳವೆಯೂ ಅಷ್ಟೇ. ಕನೆಕ್ಟರ್ ಕೆಲಸ ಮಾಡಲು ಅದಕ್ಕೂ ಒಂದು ಖಾತೆ ಬೇಕು, ಒಂದು ಗುಟ್ಟಿನ ಚೀಟಿ ಬೇಕು. ಆ ಖಾತೆ ಮನುಷ್ಯರದಲ್ಲ. ರಜೆ ಹಾಕುವುದಿಲ್ಲ, ನಿವೃತ್ತಿಯಾಗುವುದಿಲ್ಲ, ಹಾಗಾಗಿ ಯಾರೂ ಅದನ್ನು ವಿಚಾರಿಸುವುದೂ ಇಲ್ಲ. ಟಾರ್ಗೆಟ್ಟಿನ ಕಳ್ಳರು ವೇಷ ಹಾಕಿದ್ದು ಇಂಥ ಖಾತೆಯದೇ ಎಂಬುದನ್ನು ಮರೆಯದಿರಿ. ಪ್ರತಿ ಯಂತ್ರ ಖಾತೆಗೂ ಹೊಣೆ ಹೊರುವ ಒಬ್ಬ ಮನುಷ್ಯರ ಹೆಸರು ಪುಸ್ತಕದಲ್ಲಿರಬೇಕು, ಗುಟ್ಟಿನ ಚೀಟಿಗೆ ಮುಗಿಯುವ ದಿನಾಂಕವಿರಬೇಕು, ಓದಿದರೆ ಸಾಕಾದ ಕಡೆ ತಿದ್ದುವ ಅಧಿಕಾರ ಕೊಡಬಾರದು.

ಜೋಡಿಸದೆ ಬಿಟ್ಟದ್ದರ ಬೆಲೆ ನಮ್ಮ ದೇಶಕ್ಕೂ ಗೊತ್ತಿದೆ. 2018ರಲ್ಲಿ ಬಯಲಾದ ಪಂಜಾಬ್ ನ್ಯಾಷನಲ್ ಬ್ಯಾಂಕ್ ಹಗರಣದಲ್ಲಿ, ಮುಂಬೈ ಶಾಖೆಯೊಂದರಿಂದ ವಿದೇಶಗಳಿಗೆ ಹೋದ ಸ್ವಿಫ್ಟ್ ಸಂದೇಶಗಳು ಬ್ಯಾಂಕಿನ ಮುಖ್ಯ ಲೆಕ್ಕದ ತಂತ್ರಾಂಶದಲ್ಲಿ ದಾಖಲಾಗಿಯೇ ಇರಲಿಲ್ಲ. ಎರಡರ ನಡುವೆ ಕೊಂಡಿ ಇರಲಿಲ್ಲ. ಮೊತ್ತ 11,000 ಕೋಟಿ ರೂಪಾಯಿಗೂ ಮಿಕ್ಕಿತ್ತು. ರಿಸರ್ವ್ ಬ್ಯಾಂಕು 2016ರ ಆಗಸ್ಟಿನಿಂದ ಮೂರು ಸಲವಾದರೂ ಬ್ಯಾಂಕುಗಳನ್ನು ಎಚ್ಚರಿಸಿದ್ದೆ ಎಂದಿತು. ಅನಂತರ 2018ರ ಏಪ್ರಿಲ್ 30ರೊಳಗೆ ಜೋಡಣೆ ಮುಗಿಸಲು ಗಡುವು ಕೊಟ್ಟಿತು. ಅಲ್ಲಿ ಬೇಕಾಗಿದ್ದದ್ದು ಸ್ವಲ್ಪ ಬೇರೆ ಬಗೆಯ ಜೋಡಣೆ, ಆದರೆ ಗಾಯ ಒಂದೇ ಜಾತಿಯದು.

ಇಷ್ಟೆಲ್ಲ ಹೇಳಿದ ಮೇಲೆ ಅದರ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಜೋಡಿಸುವ ತನಕ ಪರದೆಯ ಮೇಲಿದ್ದದ್ದು 'ಎಸ್‌ಜಿಪಿ07'. ಜೋಡಿಸಿದ ಕ್ಷಣ ಅದು ಹೆಸರು, ಮುಖ, ಹುದ್ದೆ ಇರುವ ಒಬ್ಬ ವ್ಯಕ್ತಿಯಾಗುತ್ತದೆ. ಅವರು ಎಷ್ಟು ಹೊತ್ತಿಗೆ ಬರುತ್ತಾರೆ, ಊಟಕ್ಕೆ ಎಷ್ಟು ಹೊತ್ತು ಹೋಗುತ್ತಾರೆ ಎಂಬುದೂ ಆ ದಿನಚರಿಯಲ್ಲಿದೆ. ಸಿಬ್ಬಂದಿಯ ಪುಸ್ತಕದಲ್ಲೋ, ಸಂಬಳ, ಕಾಯಿಲೆ ರಜೆ, ಮನೆ ವಿಳಾಸ ಎಲ್ಲ ಇರುತ್ತದೆ. ಅಷ್ಟನ್ನೂ ಕೊಳವೆಯಲ್ಲಿ ಸುರಿದುಬಿಟ್ಟರೆ ಭದ್ರತೆಯ ಹೆಸರಿನಲ್ಲಿ ಬೇಹುಗಾರಿಕೆ ಆಗುತ್ತದೆ. ನಿಗಾ ಕೊಠಡಿಗೆ ಬೇಕಾದದ್ದು ಹುದ್ದೆ, ಅಧಿಕಾರದ ಅವಧಿ, ಮೇಲಧಿಕಾರಿ ಯಾರು ಎಂಬುದಷ್ಟೇ. ಉಳಿದದ್ದು ಹಿಂದಿನ ಮನೆಯಲ್ಲೇ ಇರಲಿ. ನಮ್ಮ ಸಂಸತ್ತು 2023ರಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಕಾನೂನನ್ನೇ ಮಾಡಿದೆ.

ಯಂತ್ರಕ್ಕೆ ತಾನಾಗಿಯೇ ಬೀಗ ಹಾಕುವ ಅಧಿಕಾರ ಕೊಡುವಾಗಲೂ ಯೋಚಿಸಬೇಕು. ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ವೈದ್ಯರು ಬರಲಾಗದೆ ಇನ್ನೊಬ್ಬರು ಅವರ ಜಾಗದಲ್ಲಿ ಬಂದಿದ್ದಾರೆ ಎಂದಿಟ್ಟುಕೊಳ್ಳಿ. ಪುಸ್ತಕದಲ್ಲಿ ಅದಿನ್ನೂ ಏರಿಲ್ಲ. ರೋಗಿಯ ರಕ್ತದ ವರದಿ ತೆರೆಯಹೋದಾಗ ಖಾತೆ ಮುಚ್ಚಿಹೋದರೆ? ಇಂಥ ಕಡೆ ಬಾಗಿಲು ತೆರೆದೇ ಇರಬೇಕು, ಆದರೆ ತೆರೆದವರ ಹೆಸರು ದೊಡ್ಡಕ್ಷರದಲ್ಲಿ ದಾಖಲಾಗಬೇಕು, ಬೆಳಿಗ್ಗೆ ಒಬ್ಬರು ಹಿರಿಯರು ಅದನ್ನು ನೋಡಬೇಕು. ಎಲ್ಲಿ ತಡೆಯಬೇಕು, ಎಲ್ಲಿ ಕೇಳಿದರೆ ಸಾಕು ಎಂಬ ನಿರ್ಧಾರವನ್ನು ತಂತ್ರಾಂಶ ಮಾರುವವರಿಗೆ ಬಿಡಬಾರದು. ಅದು ಆ ಕೆಲಸವನ್ನು ಬಲ್ಲವರದು. ಕರೂರಿನ ಹೊಲದ ವಿಷಯದಲ್ಲಿ ರಾತ್ರಿ ಹನ್ನೊಂದೂವರೆಗೆ ಬೀಗ ಹಾಕಿದರೆ ಯಾರ ಪ್ರಾಣವೂ ಹೋಗದು. ರೈತರ ಹೊಲ ಉಳಿದೀತು.

ಗುಮಾಸ್ತರ ಪುಸ್ತಕವೇ ತಪ್ಪಾಗಿದ್ದರೆ ಎಂಥ ಕೊಳವೆ ಹಾಕಿಯೂ ಉಪಯೋಗವಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ವರ್ಗಾವಣೆಯ ಆದೇಶ ಹದಿನೈದು ದಿನ ಮೇಜಿನ ಮೇಲೆ ಕೂತರೆ, ಆ ಹದಿನೈದು ದಿನವೂ ಯಂತ್ರ ಹಳೆಯ ಸುಳ್ಳನ್ನೇ ಅತಿ ವೇಗವಾಗಿ ಹೇಳುತ್ತಿರುತ್ತದೆ.

ನೀವೇ ಮಾಡಿ ನೋಡಬಹುದಾದ ಒಂದು ಪ್ರಯೋಗವಿದೆ. ನಿಮ್ಮ ಶಾಲೆ ಅಥವಾ ಕಾಲೇಜಿನಲ್ಲಿ ಗಣಕ ಪ್ರಯೋಗಾಲಯ ಇರುತ್ತದೆ. ಅಧ್ಯಾಪಕರ ಅನುಮತಿ ಪಡೆದು, ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು, ಅಲ್ಲಿನ ಗಣಕಗಳಲ್ಲಿ ಈಗ ಇರುವ ಬಳಕೆದಾರರ ಖಾತೆಗಳ ಹೆಸರನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಇನ್ನೊಂದು ಹಾಳೆಯಲ್ಲಿ ಈ ವರ್ಷದ ಹಾಜರಿ ಪುಸ್ತಕದ ಹೆಸರುಗಳು. ಎರಡನ್ನೂ ನೋಂದಣಿ ಸಂಖ್ಯೆಯಿಂದ ತಾಳೆ ಹಾಕಿ, ಹೆಸರಿನಿಂದ ಬೇಡ. ಯಾರಿಗೂ ಸೇರದೆ ಉಳಿದ ಖಾತೆಗಳಿಗೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ. ಪಾಸಾಗಿ ಹೋದ ಅಣ್ಣಂದಿರ, ಅಕ್ಕಂದಿರ ಹೆಸರುಗಳು ಸಿಕ್ಕಾವು. 'ಲ್ಯಾಬ್', 'ಟೆಸ್ಟ್', 'ಅಡ್ಮಿನ್2' ಎಂಬಂಥವೂ ಸಿಕ್ಕಾವು. ಅವುಗಳಲ್ಲಿ ಯಾವುದು ಕೊನೆಯ ಸಲ ತೆರೆದದ್ದು ಯಾವ ದಿನ ಎಂದು ಅಧ್ಯಾಪಕರಿಂದ ತೋರಿಸಿಕೊಳ್ಳಿ. ಗುಪ್ತಪದ ಊಹಿಸಲು ಹೋಗಬೇಡಿ, ಯಾವುದನ್ನೂ ನೀವಾಗಿ ಅಳಿಸಬೇಡಿ. ಹಾಳೆಯನ್ನು ಅಧ್ಯಾಪಕರ ಕೈಗೆ ಕೊಟ್ಟು, ಒಂದು ತಿಂಗಳ ನಂತರ ಎಷ್ಟು ಕೆಂಪು ಗುರುತು ಉಳಿದಿದೆ ಎಂದು ಮತ್ತೆ ಎಣಿಸಿ.